ಹೈಡ್ರೋಜನ್ ಕೊಡದ ಆಮ್ಲ

ಕಾಯಿಗಳು ಸಲೀಸಾಗಿ ಜಾರಲೆಂದು ಕೇರಂ ಬೋರ್ಡಿನ ಮೇಲೆ ಉದುರಿಸುವ ಬಿಳಿ ಪುಡಿ ಬಹಳಷ್ಟು ಸಲ ಬೋರಿಕ್ ಆಮ್ಲವೇ ಆಗಿರುತ್ತದೆ. ಹೆಸರಿನಲ್ಲಿ ಆಮ್ಲವಿದ್ದರೂ ಬೆರಳಿಗೆ ಅಂಟಿದರೆ ಚುರುಗುಟ್ಟುವುದಿಲ್ಲ. ಒಂದು ಬೋರಾನ್ ಪರಮಾಣು, ಅದಕ್ಕೆ ಅಂಟಿದ ಮೂರು ಆಮ್ಲಜನಕ, ಒಂದೊಂದು ಆಮ್ಲಜನಕಕ್ಕೂ ಒಂದೊಂದು ಹೈಡ್ರೋಜನ್: ಇಷ್ಟೇ ಅದರ ರಚನೆ. ಆಮ್ಲವೆಂದರೆ ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಟ್ಟುಕೊಡುವ ವಸ್ತು ಎಂದು ಶಾಲೆಯಲ್ಲಿ ಕಲಿತವರು, ಈ ಮೂರರಲ್ಲಿ ಒಂದನ್ನಾದರೂ ಅದು ಬಿಟ್ಟುಕೊಡುತ್ತದೆ ಎಂದುಕೊಳ್ಳುವುದು ಸಹಜ.

ನಡೆಯುವುದು ಬೇರೆ. ಬೋರಿಕ್ ಆಮ್ಲ ತನ್ನ ಮೂರೂ ಹೈಡ್ರೋಜನ್‌ಗಳನ್ನು ಹಾಗೇ ಇಟ್ಟುಕೊಂಡು, ನೀರಿನ ಅಣುವಿನಿಂದ ಹೈಡ್ರಾಕ್ಸೈಡ್ ಭಾಗವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಹೊರಗುಳಿದ ಹೈಡ್ರೋಜನ್ ಅಯಾನು ನೀರಿನದು. ದ್ರಾವಣಕ್ಕೆ ಸ್ವಲ್ಪವೇ ಆಮ್ಲಗುಣ ಬರುವುದು ಅದರಿಂದ.

ಬೋರಾನ್ ಹೀಗೆ ಸೆಳೆಯಲು ಕಾರಣ ಅದರ ಎಲೆಕ್ಟ್ರಾನ್‌ಗಳ ಲೆಕ್ಕದಲ್ಲಿದೆ. ಅದರ ಹೊರಕವಚದಲ್ಲಿರುವುದು ಮೂರೇ ಎಲೆಕ್ಟ್ರಾನ್. ಮೂರು ಬಂಧ ಮಾಡಿಕೊಂಡ ಮೇಲೂ ಸುತ್ತ ಆರು ಮಾತ್ರ ಇರುತ್ತವೆ, ಎಂಟಾದರೆ ಭರ್ತಿ. ಊಟದ ಪಂಕ್ತಿಯಲ್ಲಿ ಎಲೆ ಹಾಕಿಯೂ ಯಾರೂ ಕೂರದೆ ಉಳಿದ ಜಾಗದಂತೆ, ಒಂದು ಜೋಡಿ ಎಲೆಕ್ಟ್ರಾನ್‌ಗೆ ಅಲ್ಲಿ ಸ್ಥಳ ತೆರೆದೇ ಇರುತ್ತದೆ.

ಈ ಖಾಲಿ ಜಾಗವನ್ನೇ ಆಮ್ಲತ್ವದ ತಿರುಳೆಂದು ಹೇಳಿದವರು ಅಮೆರಿಕದ ಬರ್ಕ್ಲಿಯಲ್ಲಿದ್ದ ಗಿಲ್ಬರ್ಟ್ ನ್ಯೂಟನ್ ಲೂಯಿಸ್. ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುವುದೇ ಬಂಧ ಎಂದು 1916ರಲ್ಲಿ ವಿವರಿಸಿದವರೂ ಅವರೇ. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಆಮ್ಲವನ್ನು ಹೈಡ್ರೋಜನ್ ಅಯಾನಿನ ದಾನಿ ಎಂದು ಬಣ್ಣಿಸಿದರು. ಅದೇ ವರ್ಷ ಲೂಯಿಸ್ ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವುದು ಆಮ್ಲ, ಕೊಡುವುದು ಪ್ರತ್ಯಾಮ್ಲ ಎಂದರು. ಈ ವ್ಯಾಖ್ಯೆಗೆ ಹೈಡ್ರೋಜನ್ ಬೇಕಿಲ್ಲ, ನೀರೂ ಬೇಕಿಲ್ಲ.

ಬೋರಾನ್ ಟ್ರೈಫ್ಲೋರೈಡ್ ಒಂದು ಅನಿಲ, ಅಮೋನಿಯವೂ ಅನಿಲ. ಎರಡೂ ಸೇರಿದ ಕೂಡಲೇ ಬಿಳಿಯ ಘನವಸ್ತುವಾಗುತ್ತವೆ. ಅಮೋನಿಯದ ಸಾರಜನಕದ ಬಳಿ ಯಾವ ಬಂಧದಲ್ಲೂ ತೊಡಗದ ಒಂದು ಜೋಡಿ ಎಲೆಕ್ಟ್ರಾನ್ ಇದೆ. ಅದು ಬೋರಾನಿನ ಖಾಲಿ ಜಾಗವನ್ನು ತುಂಬುತ್ತದೆ. ಒಂದು ಹೈಡ್ರೋಜನ್ ಕೂಡ ಕೈ ಬದಲಾಯಿಸಿಲ್ಲ, ಆದರೂ ಇದು ಆಮ್ಲ–ಪ್ರತ್ಯಾಮ್ಲಗಳ ಕ್ರಿಯೆಯೇ.

ಹಾಲಿನಲ್ಲಿ ಬೋರಿಕ್ ಆಮ್ಲದ ಕಲಬೆರಕೆಯನ್ನು ಹಿಡಿಯುವ ಹಳೆಯ ಪರೀಕ್ಷೆಯೂ ಇದೇ ಗುಣವನ್ನು ನೆಚ್ಚಿಕೊಂಡಿದೆ. ಹಾಲಿಗೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಅರಿಶಿನ ಹಚ್ಚಿದ ಕಾಗದದ ಪಟ್ಟಿಯನ್ನು ಅದ್ದಿ ಒಣಗಿಸುತ್ತಾರೆ. ಬೋರಾನ್ ಇದ್ದರೆ ಪಟ್ಟಿ ಕೆಂಪಾಗುತ್ತದೆ. ಅದಕ್ಕೆ ಅಮೋನಿಯ ತಾಗಿಸಿದರೆ ಹಸಿರಿಗೆ ತಿರುಗುತ್ತದೆ. ಸುಣ್ಣ ಸೋಕಿದ ಅರಿಶಿನ ಕೆಂಪಾಗುವುದು ಎಲ್ಲರಿಗೂ ಗೊತ್ತು; ಸುಣ್ಣ ಪ್ರತ್ಯಾಮ್ಲವಾದ್ದರಿಂದ ಹಾಗಾಗುತ್ತದೆ. ಇಲ್ಲಿ ತೀಕ್ಷ್ಣ ಆಮ್ಲದ ನಡುವೆಯೇ ಅರಿಶಿನ ಕೆಂಪಾಗುತ್ತದೆ. ಅರಿಶಿನದ ಬಣ್ಣದ್ರವ್ಯವಾದ ಕರ್ಕ್ಯುಮಿನ್ ತನ್ನ ಆಮ್ಲಜನಕಗಳ ಮೂಲಕ ಬೋರಾನನ್ನು ಹಿಡಿದುಕೊಂಡು ಹೊಸ ಬಣ್ಣದ ಸಂಯುಕ್ತವಾಗುತ್ತದೆ.

ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವ ಇಂಥ ವಸ್ತುಗಳಿಗೆ ಲೂಯಿಸ್ ಆಮ್ಲ ಎನ್ನುತ್ತಾರೆ; ಕಾರ್ಖಾನೆಗಳಲ್ಲಿ ಹೆಸರುವಾಸಿಯಾದ ಲೂಯಿಸ್ ಆಮ್ಲವೆಂದರೆ ಅಲ್ಯೂಮಿನಿಯಂ ಕ್ಲೋರೈಡ್. ತೇವದ ಗಾಳಿಯಲ್ಲಿ ಅದರ ಸೀಸೆಯ ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ, ಮೂಗು ಉರಿಯುತ್ತದೆ. ಗಾಳಿಯ ನೀರಿನೊಡನೆ ವರ್ತಿಸಿ ಹೈಡ್ರೋಜನ್ ಕ್ಲೋರೈಡ್ ಹೊಮ್ಮಿಸುವಷ್ಟು ಅದರ ಎಲೆಕ್ಟ್ರಾನ್ ಹಸಿವು ತೀವ್ರ. 1877ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಲ್ ಫ್ರೀಡೆಲ್ ಮತ್ತು ಜೇಮ್ಸ್ ಕ್ರಾಫ್ಟ್ಸ್ ಇದನ್ನು ಬಳಸಿ, ಸುಲಭಕ್ಕೆ ಬಗ್ಗದ ಬೆಂಜೀನ್ ಉಂಗುರಕ್ಕೆ ಇಂಗಾಲದ ಸರಪಳಿಗಳನ್ನು ಜೋಡಿಸುವ ದಾರಿ ಕಂಡುಕೊಂಡರು. ಅಲ್ಯೂಮಿನಿಯಂ ಕ್ಲೋರೈಡ್ ಸರಪಳಿಯ ತುದಿಯ ಕ್ಲೋರಿನ್ ಪರಮಾಣುವನ್ನು ಎಳೆದುಕೊಂಡರೆ ಪಕ್ಕದ ಇಂಗಾಲ ಎಲೆಕ್ಟ್ರಾನ್ ಕೊರತೆಗೆ ಬೀಳುತ್ತದೆ. ಬೆಂಜೀನ್ ತನ್ನ ಎಲೆಕ್ಟ್ರಾನ್‌ಗಳೊಂದಿಗೆ ಅಲ್ಲಿಗೆ ಕೂಡಿಕೊಳ್ಳುತ್ತದೆ. ಥರ್ಮೋಕೋಲಿನ ಮೂಲವಸ್ತು ಸ್ಟೈರೀನ್. ಅದಕ್ಕೆ ಬೇಕಾದ ಈಥೈಲ್ ಬೆಂಜೀನನ್ನು ದಶಕಗಳ ಕಾಲ ಅಲ್ಯೂಮಿನಿಯಂ ಕ್ಲೋರೈಡ್ ನೆರವಿನಿಂದಲೇ ತಯಾರಿಸುತ್ತಿದ್ದರು. ಬಳಸಿದ ಆ ಕ್ಲೋರೈಡನ್ನು ನೀರಿನಿಂದ ತೊಳೆದು ತೆಗೆದಾಗ ಉಳಿಯುವ ಆಮ್ಲೀಯ ತ್ಯಾಜ್ಯ ದೊಡ್ಡ ತಲೆನೋವು. ಹಾಗಾಗಿ ಈಗ ಆ ಜಾಗಕ್ಕೆ ಮತ್ತೆ ಮತ್ತೆ ಬಳಸಬಹುದಾದ ಜಿಯೊಲೈಟ್ ಎಂಬ ಘನ ಆಮ್ಲಗಳು ಬಂದಿವೆ.

ಲೂಯಿಸ್ ಆಮ್ಲ ಮತ್ತು ಪ್ರತ್ಯಾಮ್ಲ ಒಂದನ್ನೊಂದು ಸೇರಲಾಗದಂತೆ ತಡೆದರೆ? ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದಲ್ಲಿ ಡಗ್ಲಾಸ್ ಸ್ಟೀಫನ್ ಅವರ ತಂಡ 2006ರಲ್ಲಿ ಒಂದೇ ಅಣುವಿನಲ್ಲಿ ಬೋರಾನ್ ಮತ್ತು ರಂಜಕ ಎರಡನ್ನೂ ಇಟ್ಟು, ಸುತ್ತ ದೊಡ್ಡ ಗುಂಪುಗಳನ್ನು ಕಾವಲಿಟ್ಟಿತು. ಪರಸ್ಪರ ಕೂಡಲಾಗದ ಆ ಜೋಡಿ ಮಾಮೂಲಿ ಉಷ್ಣತೆಯಲ್ಲಿಯೇ ಹೈಡ್ರೋಜನ್ ಅಣುವನ್ನು ಸೀಳಿತು. 100 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದಾಗ ಅದನ್ನು ಮರಳಿ ಬಿಟ್ಟಿತು. ಪ್ಲಾಟಿನಂ, ನಿಕಲ್‌ನಂಥ ಲೋಹಗಳಿಗೆ ಮೀಸಲೆಂದು ತಿಳಿದಿದ್ದ ಕೆಲಸವಿದು.

ದೇಹದೊಳಗೂ ಲೂಯಿಸ್ ಆಮ್ಲಗಳು ದುಡಿಯುತ್ತಿವೆ. ಅಂಗಾಂಶಗಳಲ್ಲಿ ಹುಟ್ಟುವ ಇಂಗಾಲದ ಡೈಆಕ್ಸೈಡ್ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲಿ ರಕ್ತದೊಡನೆ ಶ್ವಾಸಕೋಶಕ್ಕೆ ಸಾಗುತ್ತದೆ. ಶ್ವಾಸಕೋಶದ ಲೋಮನಾಳದಲ್ಲಿ ರಕ್ತ ನಿಲ್ಲುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಬೈಕಾರ್ಬೊನೇಟ್ ಮತ್ತೆ ಅನಿಲವಾಗಬೇಕು. ಈ ಕೆಲಸವನ್ನು ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಮಾಡಿಸುತ್ತದೆ. ಅದರ ನಡುವೆ ಒಂದೇ ಒಂದು ಸತುವಿನ ಅಯಾನು ಕೂತಿದೆ. ಅದು ನೀರಿನ ಆಮ್ಲಜನಕದಿಂದ ಎಲೆಕ್ಟ್ರಾನ್ ಜೋಡಿ ಪಡೆದಾಗ ನೀರಿನ ಹೈಡ್ರೋಜನ್ ಸಡಿಲಾಗಿ ಕಳಚಿ, ಸತುವಿನ ಬಳಿ ಹೈಡ್ರಾಕ್ಸೈಡ್ ಉಳಿಯುತ್ತದೆ. ಅದೇ ಇಂಗಾಲದ ಡೈಆಕ್ಸೈಡಿನ ಮೇಲೆರಗಿ ಬೈಕಾರ್ಬೊನೇಟ್ ಮಾಡುತ್ತದೆ. ಶ್ವಾಸಕೋಶದಲ್ಲಿ ಇದೇ ಕ್ರಿಯೆ ಹಿಮ್ಮುಖವಾಗಿ ಸಾಗುತ್ತದೆ. ಚುರುಕಾದ ಒಂದು ಕಿಣ್ವದ ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಅಣುಗಳನ್ನು ಹೀಗೆ ಪರಿವರ್ತಿಸಬಲ್ಲದು.

ಇದೇ ಸತುವನ್ನು ಗುರಿಯಾಗಿಟ್ಟ ಔಷಧಗಳೂ ಇವೆ. ಗ್ಲಾಕೋಮಾ ರೋಗಿಗಳಿಗೆ ಕೊಡುವ ಡಾರ್ಜೊಲಮೈಡ್ ಹನಿಯಲ್ಲಿರುವ ಒಂದು ಸಾರಜನಕ ಪರಮಾಣು, ನೀರು ಕೂರಬೇಕಾದ ಜಾಗದಲ್ಲಿ ತಾನೇ ಸತುವಿಗೆ ಅಂಟಿಕೊಳ್ಳುತ್ತದೆ. ಆಗ ಕಿಣ್ವದ ಕೆಲಸ ನಿಲ್ಲುತ್ತದೆ. ಬೈಕಾರ್ಬೊನೇಟ್ ಕಡಿಮೆಯಾದಂತೆ ಕಣ್ಣಿನೊಳಗೆ ಒಸರುವ ದ್ರವವೂ ಕಡಿಮೆಯಾಗಿ ಕಣ್ಣಿನ ಒತ್ತಡ ಇಳಿಯುತ್ತದೆ.