ಅರೋರಾ ಸ್ಮಶಾನದ ‘ಮಂಗಳವಾಸಿ’

ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದಿಂದ ವಾಯವ್ಯಕ್ಕೆ ಹೋದರೆ ವೈಸ್ ಕೌಂಟಿ ಸಿಗುತ್ತದೆ. ಅಲ್ಲಿನ ಅರೋರಾ ಎಂಬ ಸಣ್ಣ ಊರಿನ ಸ್ಮಶಾನದ ಬಳಿ ರಾಜ್ಯದ ಇತಿಹಾಸ ಆಯೋಗ ಒಂದು ಫಲಕ ನಿಲ್ಲಿಸಿದೆ. 1897ರಲ್ಲಿ ಸಮೀಪದಲ್ಲೇ ಅಂತರಿಕ್ಷ ನೌಕೆಯೊಂದು ಬಿತ್ತು, ಸತ್ತ ಚಾಲಕನನ್ನು ಇಲ್ಲಿ ಹೂಳಿದರು ಎಂಬ ದಂತಕಥೆಯನ್ನೂ ಆ ಫಲಕ ನಮೂದಿಸುತ್ತದೆ. ಹಾರುವ ತಟ್ಟೆಗಳ ಸುದ್ದಿ ಜಗತ್ತಿನಲ್ಲೆಲ್ಲ ಹಬ್ಬಿದ್ದು 1947ರಲ್ಲಿ. ಅರೋರಾದ ಕಥೆ ಅದಕ್ಕಿಂತ ಐವತ್ತು ವರ್ಷ ಹಳೆಯದು.

ಕಥೆಯ ಮೂಲ ಒಂದೇ ಒಂದು ಪತ್ರಿಕಾ ವರದಿ. 1897ರ ಏಪ್ರಿಲ್ 19ರಂದು ‘ಡಲಾಸ್ ಮಾರ್ನಿಂಗ್ ನ್ಯೂಸ್’ನಲ್ಲಿ ಅದು ಅಚ್ಚಾಯಿತು. ಬರೆದವನು ಎಸ್. ಇ. ಹೇಡನ್, ಅರೋರಾದ ಹತ್ತಿ ವ್ಯಾಪಾರಿ. ಏಪ್ರಿಲ್ 17ರ ಬೆಳಗಿನ ಆರರ ಸುಮಾರಿಗೆ ವಾಯುನೌಕೆಯೊಂದು ಯಂತ್ರ ಕೆಟ್ಟಂತೆ, ಗಂಟೆಗೆ ಹತ್ತು ಹನ್ನೆರಡು ಮೈಲಿ ವೇಗದಲ್ಲಿ ತಗ್ಗಿನಲ್ಲಿ ಹಾರಿಬಂತು. ಜಡ್ಜ್ ಪ್ರಾಕ್ಟರ್ ಅವರ ಗಾಳಿಯಂತ್ರಕ್ಕೆ ಬಡಿದು ಸಿಡಿಯಿತು. ನೀರಿನ ತೊಟ್ಟಿ ಒಡೆಯಿತು, ಹೂದೋಟ ಹಾಳಾಯಿತು. ಚಾಲಕನ ದೇಹ ಛಿದ್ರವಾಗಿದ್ದರೂ ಅವನು ಈ ಲೋಕದವನಲ್ಲ ಎಂಬುದು ತಿಳಿಯುವಂತಿತ್ತಂತೆ. ಸೇನೆಯ ಸಂಕೇತ ವಿಭಾಗದ ಅಧಿಕಾರಿ ವೀಮ್ಸ್ ಎಂಬವರು ಅವನನ್ನು ಮಂಗಳ ಗ್ರಹದವನೆಂದರಂತೆ. ಮಾರನೆಯ ದಿನ ಅಂತ್ಯಕ್ರಿಯೆ ಎಂದು ವರದಿ ಮುಗಿಯುತ್ತದೆ.

ಇಂಥದ್ದನ್ನು ಪತ್ರಿಕೆ ಅಚ್ಚು ಹಾಕಿದ್ದಾದರೂ ಹೇಗೆ? ಆ ಕಾಲದ ಗಾಳಿಯೇ ಹಾಗಿತ್ತು. 1896ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಜನ ಇರುಳಿನಲ್ಲಿ ತೇಲುವ ಬೆಳಕು ಕಂಡೆವೆಂದರು. ಮುಂದಿನ ವಸಂತದ ಹೊತ್ತಿಗೆ ವಾಯುನೌಕೆಯ ಸುದ್ದಿ ಊರಿಂದೂರಿಗೆ ದಾಟಿ ಟೆಕ್ಸಾಸ್ ತಲುಪಿತ್ತು. ಜೆಪ್ಪೆಲಿನ್‌ನ ಮೊದಲ ನೌಕೆ ಹಾರಿದ್ದು 1900ರಲ್ಲಿ, ರೈಟ್ ಸೋದರರ ವಿಮಾನ 1903ರಲ್ಲಿ. ಆದರೂ ಯಾರೋ ಗುಟ್ಟಾಗಿ ಹಾರುವ ಯಂತ್ರ ಕಟ್ಟಿದ್ದಾರೆಂದು ನಂಬಲು ಜನ ಸಿದ್ಧರಿದ್ದರು. ಮಂಗಳದಲ್ಲಿ ಕಾಲುವೆಗಳಿವೆ ಎಂದು ವಾದಿಸಿದ ಪರ್ಸಿವಲ್ ಲೋವೆಲ್‌ನ ಪುಸ್ತಕ 1895ರಲ್ಲೇ ಬಂದಿತ್ತು. ಹೇಡನ್ ಈ ಎರಡನ್ನೂ ಒಂದೇ ವರದಿಯಲ್ಲಿ ಬೆಸೆದ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆಗಸದ ಸಂಗತಿಯಲ್ಲ, ನೆಲದ್ದು. ಹತ್ತಿ ಬೆಳೆಯ ನಾಡಿನಲ್ಲಿ ಅರೋರಾ ಒಂದು ಕಾಲಕ್ಕೆ ಬೆಳೆಯುತ್ತಿದ್ದ ಊರು. 1891ರಲ್ಲಿ ಅಲ್ಲಿ ಸಾಂಕ್ರಾಮಿಕ ಬಡಿಯಿತು. ಜನ ಅದನ್ನು ಚುಕ್ಕೆ ಜ್ವರವೆಂದರು. ಮಿದುಳಿನ ಪೊರೆಗೆ ತಗಲುವ ಮೆನಿಂಜೈಟಿಸ್‌ನ ಒಂದು ಬಗೆ ಅದಾಗಿತ್ತೆಂದು ಈಗ ಭಾವಿಸಲಾಗಿದೆ. ಸ್ಮಶಾನಕ್ಕೆ ನೂರಾರು ಗೋರಿಗಳು ಸೇರಿದವು. ಬೆಳೆ ಕೈಕೊಟ್ಟಿತು. ಬರಬೇಕಿದ್ದ ರೈಲು ಊರನ್ನು ಬಿಟ್ಟು ಹೋಯಿತು, ಅದು ಕೊನೆಯ ಪೆಟ್ಟು. ಆ ದಿನಗಳಲ್ಲಿ ರೈಲು ಬಾರದ ಊರಿನ ಹತ್ತಿಗೆ ಮಾರುಕಟ್ಟೆಯಿಲ್ಲ, ಅಂಗಡಿಗೆ ಗಿರಾಕಿಯಿಲ್ಲ. ಮನೆಮಂದಿ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು.

ಸಾಯುತ್ತಿದ್ದ ಊರಿನ ಕಡೆ ಜನರ ಗಮನ ಸೆಳೆಯಲೆಂದು ಹೇಡನ್ ತಮಾಷೆಗೆ ನೌಕೆಯ ಕಥೆ ಹೆಣೆದನೆಂದು ವೈಸ್ ಕೌಂಟಿಯ ಇತಿಹಾಸಕಾರ್ತಿ ಎಟ್ಟಾ ಪೆಗ್ಸ್ 1979ರಲ್ಲಿ ‘ಟೈಮ್’ ಪತ್ರಿಕೆಗೆ ಹೇಳಿದರು. ನನಗೂ ಅದೇ ಸರಿಯೆನಿಸುತ್ತದೆ. ವರದಿಯ ‘ಸೇನಾಧಿಕಾರಿ’ ವೀಮ್ಸ್ ಊರಿನ ಕಮ್ಮಾರನೆಂದು ಸ್ಥಳೀಯರು ಗುರುತಿಸಿದ್ದಾರೆ. ಟನ್‌ಗಟ್ಟಲೆ ತೂಗುವ ನೌಕೆ ಎಂದು ಬರೆದದ್ದಕ್ಕೆ ಒಂದು ಚೂರೂ ಉಳಿದಿಲ್ಲ. ಸುಳ್ಳು ಬರೆದನೆಂದು ಹೇಡನ್‌ನನ್ನು ಹಳಿಯಲು ಮಾತ್ರ ನನಗೆ ಮನಸ್ಸಾಗದು. ಅವನ ಸುತ್ತ ಊರೇ ಖಾಲಿಯಾಗುತ್ತಿತ್ತು.

1973ರಲ್ಲಿ ಹಾರುವ ತಟ್ಟೆಗಳ ಬೆನ್ನುಹತ್ತಿದವರು ಬಂದು ‘ಮಂಗಳವಾಸಿ’ಯದೆನ್ನಲಾದ ಗೋರಿಯನ್ನು ಅಗೆದು ನೋಡಬೇಕೆಂದರು. ಸ್ಮಶಾನದ ಸಂಘ ಒಪ್ಪಲಿಲ್ಲ. ಅದು ಸರಿಯಾದ ನಿರ್ಧಾರ. ಅಲ್ಲಿ 800ಕ್ಕೂ ಹೆಚ್ಚು ಸಮಾಧಿಗಳಿವೆ. 1891ರಲ್ಲಿ ಹುಟ್ಟಿ 1893ರಲ್ಲಿ ತೀರಿಕೊಂಡ ಮಗುವಿನದೂ ಅವುಗಳಲ್ಲಿ ಒಂದು. ಊರಿನ ಜನ ತಮ್ಮವರನ್ನು ಇಂದಿಗೂ ಅಲ್ಲೇ ಮಣ್ಣು ಮಾಡುತ್ತಾರೆ.