ಐಹೊಳೆಯ ಗುಡಿಗಳ ಹೆಸರುಗಳು

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ 6ರಿಂದ 12ನೆಯ ಶತಮಾನದವರೆಗೆ ನಿರ್ಮಾಣವಾದ ನೂರಕ್ಕೂ ಹೆಚ್ಚು ದೇಗುಲಗಳಿವೆ. ಇವುಗಳಲ್ಲಿ ಹಲವಕ್ಕೆ ಮೂಲ ದೇವತೆಯ ಹೆಸರು ಉಳಿದಿಲ್ಲ. ಪೂಜೆ ನಿಂತ ಗುಡಿಗಳಲ್ಲಿ ಗ್ರಾಮಸ್ಥರು ಸಂಸಾರ ಹೂಡಿದರು, ದನಕರುಗಳನ್ನೂ ಕಟ್ಟಿದರು; ಕಾಲಕ್ರಮದಲ್ಲಿ ನಿವಾಸಿಗಳ ಹೆಸರೇ ಗುಡಿಯ ಹೆಸರಾಯಿತು. ಲಾಡ್‌ಖಾನ್ ಗುಡಿಗೆ ಅಲ್ಲಿ ವಾಸವಾಗಿದ್ದ ಮುಸಲ್ಮಾನನೊಬ್ಬನ ಹೆಸರಿದೆ. ಅಂಬಿಗೇರ ಗುಡಿ, ಬಡಿಗೇರ ಗುಡಿ ಎಂಬವು ಕುಲಕಸುಬನ್ನು ಸೂಚಿಸುತ್ತವೆ. ದುರ್ಗದ ಗುಡಿಯ ಹೆಸರು ಮಾತ್ರ ಕೋಟೆಯಿಂದ ಬಂದುದು, ದುರ್ಗಾದೇವಿಯಿಂದಲ್ಲ. ಅಲ್ಲಿ ಸೊಗಸಾದ ಮಹಿಷಮರ್ದಿನಿಯ ಶಿಲ್ಪವೂ ಇರುವುದರಿಂದ ಪ್ರವಾಸಿಗರು ಬೇರೆ ಬಗೆದರೆ ಅಚ್ಚರಿಯಿಲ್ಲ.

ಪುರಾತತ್ವ ಇಲಾಖೆಯ ಸಂರಕ್ಷಣೆಗೆ ಒಳಪಟ್ಟ ಗುಡಿಗಳಲ್ಲಿ ಈಗ ವಸತಿಯಿಲ್ಲ. ಸ್ಮಾರಕಗಳ ಮಗ್ಗುಲಲ್ಲೇ ಮನೆಗಳಿದ್ದು, ಅವುಗಳ ಸ್ಥಳಾಂತರದ ಪ್ರಸ್ತಾಪ ಬಹುಕಾಲದಿಂದ ಇದೆ. ಈ ಹೆಸರುಗಳ ಹಿನ್ನೆಲೆಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರು ಅದೇ ಮನೆಗಳವರು.