ಅಡ್ರೆಸ್ ಅಂದ್ರ ಬರೀ ವಿಳಾಸ ಅಲ್ಲ!

ಮೊದಲ ಕೆಲಸಕ್ಕೆ ಸೇರಿ ಎರಡನೇ ವಾರ. ನಾನು ಬರೆದಿದ್ದ ಗ್ರಾಹಕರ ಫಾರ್ಮ್‌ನ ಕೋಡ್ ನೋಡಿದ ಸೀನಿಯರ್ ಒಬ್ಬರು, ಅದರ ಕೆಳಗೆ ಒಂದು ಸಾಲು ಹಾಕಿದ್ದರು: ‘ಅಡ್ರೆಸ್ ದಿಸ್ ಫಸ್ಟ್’. ಫಾರ್ಮ್‌ನಲ್ಲಿ ಹೆಸರು, ಫೋನ್ ನಂಬರ್, ಆಮೇಲೆ ಅಡ್ರೆಸ್ ಇತ್ತು. ನಾನು ಅಡ್ರೆಸ್ ಬಾಕ್ಸನ್ನು ಎತ್ತಿ ಎಲ್ಲಕ್ಕಿಂತ ಮೇಲಿಟ್ಟು ‘ಡನ್’ ಅಂತ ಉತ್ತರ ಕೊಟ್ಟೆ.

ಅವರು ಹೇಳಿದ್ದು ‘ಮೊದಲು ಈ ತಪ್ಪು ಸರಿಮಾಡು’ ಅಂತ. ಫೋನ್ ನಂಬರ್ ಜಾಗದಲ್ಲಿ ಅಕ್ಷರ ಟೈಪ್ ಮಾಡಿದರೂ ನನ್ನ ಕೋಡ್ ಸುಮ್ಮನೆ ಒಪ್ಪಿಕೊಳ್ಳುತ್ತಿತ್ತು. ವಿಷಯ ಗೊತ್ತಾದಾಗ ಟೀಮ್ ನಕ್ಕಿತು, ನಾನೂ ನಕ್ಕೆ. ಆದರೆ ಅದಾದ ಮೇಲೆ ಎಷ್ಟೋ ತಿಂಗಳು ಮೀಟಿಂಗ್‌ನಲ್ಲಿ ಒಂದು ಡೌಟೂ ಕೇಳಲಿಲ್ಲ. ಕೋಡ್ ಬರುತ್ತದೆ, ಇಂಗ್ಲಿಷ್ ಬರಲ್ಲ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಕನ್ನಡ ಇಲ್ಲವೇ ಮರಾಠಿ ಮಾಧ್ಯಮದಲ್ಲಿ ಓದಿ ಬಂದ ಗೆಳೆಯರ ಜೊತೆ ಮಾತಾಡಿದರೆ ಇಂಥದೇ ಕಥೆಗಳು ಸಿಗುತ್ತವೆ. ಶಾಲೆಯಲ್ಲಿ ನಮ್ಮ ನೋಟ್‌ಬುಕ್ಕಿನ ನಡುವೆ ಒಂದು ಗೆರೆ ಇರುತ್ತಿತ್ತು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಅರ್ಥ. ಅಡ್ರೆಸ್ – ವಿಳಾಸ. ಬುಕ್ – ಪುಸ್ತಕ. ವಾಟರ್ – ನೀರು. ಪದಕ್ಕೊಂದು ಕೆಲಸ, ಅದೇ ಪರ್ಮನೆಂಟ್.

ಪದ ಒಂದು, ಕೆಲಸ ಹಲವು

ಇಂಗ್ಲಿಷ್ ಪದಗಳು ಹಾಗೆ ಒಂದೇ ಕುರ್ಚಿಗೆ ಅಂಟಿ ಕೂರುವುದಿಲ್ಲ. ‘ವಾಟರ್ ದಿ ಪ್ಲಾಂಟ್ಸ್’ ಅಂದರೆ ಗಿಡಕ್ಕೆ ನೀರು ಹಾಕು, ನಾಮಪದ ಕ್ರಿಯಾಪದವಾಯಿತು. ‘ರೌಂಡ್’ ಇನ್ನೂ ಜಾಣ. ಇಂಟರ್‌ವ್ಯೂನ ಮೊದಲ ರೌಂಡ್ ನಾಮಪದ. ರೌಂಡ್ ಟೇಬಲ್‌ನಲ್ಲಿ ಅದು ವಿಶೇಷಣ. ಲೆಕ್ಕವನ್ನು ‘ರೌಂಡ್ ಆಫ್’ ಮಾಡುವಾಗ ಕ್ರಿಯಾಪದ. ‘ರೌಂಡ್ ದಿ ಹೌಸ್’ ಅಂದರೆ ಮನೆಯ ಸುತ್ತ. ಸ್ಪೆಲಿಂಗ್‌ನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ.

ಇದಕ್ಕೊಂದು ಇತಿಹಾಸವಿದೆ. ಹಳೆಯ ಇಂಗ್ಲಿಷ್‌ನಲ್ಲಿ ಪ್ರೀತಿಗೆ ‘ಲುಫು’, ಪ್ರೀತಿಸುವುದಕ್ಕೆ ‘ಲುಫಿಯನ್’ ಎಂಬ ಬೇರೆ ಬೇರೆ ರೂಪಗಳಿದ್ದವು. ಶತಮಾನಗಳು ಕಳೆದಂತೆ ಬಾಲದ ಪ್ರತ್ಯಯಗಳು ಸವೆದು ಎರಡೂ ‘ಲವ್’ ಆದವು. ಗುರುತಿನ ಚೀಟಿ ಕಳೆದ ಮೇಲೆ, ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ಎನ್ನುವುದೇ ಅದರ ಗುರುತು. ಇವತ್ತೂ ಆ ಬಾಗಿಲು ತೆರೆದೇ ಇದೆ. ಕಂಪನಿಯ ಹೆಸರಾಗಿದ್ದ ಗೂಗಲ್ 2006ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೆ ಕ್ರಿಯಾಪದವಾಗಿ ಸೇರಿತು.

ಕನ್ನಡದಲ್ಲಿ ಆ ಚೀಟಿ ಹೆಚ್ಚಾಗಿ ಉಳಿದಿದೆ: ಪ್ರೀತಿ ನಾಮಪದ, ಪ್ರೀತಿಸು ಕ್ರಿಯಾಪದ. ಇಂಗ್ಲಿಷ್ ಪದಕ್ಕೂ ನಾವು ‘ಇಸು’ ಹಚ್ಚಿ ಫೋಟೊ ‘ಕ್ಲಿಕ್ಕಿಸು’ತ್ತೇವೆ. ಹಾಗಂತ ಇಂಗ್ಲಿಷ್‌ನ ದಾರಿ ನಮಗೆ ಪೂರ್ತಿ ಹೊಸದೇನಲ್ಲ. ನಗು, ಅಳು, ಹಾಡು, ಬದುಕು – ಇವು ನಾಮಪದವೂ ಹೌದು, ಕ್ರಿಯಾಪದವೂ ಹೌದು. ‘ಒಂದು ಹಾಡು ಹಾಡು’ ಅಂದಾಗ ಯಾವ ಹಾಡು ಯಾವುದು ಅಂತ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ.

ಅಪ್ಪನ ‘ಲೋಡ್’

ನನಗೆ ಇದು ಹೊಳೆದದ್ದು ಕಬ್ಬಿನ ಸೀಸನ್‌ನಲ್ಲಿ ಊರಿಗೆ ಹೋದಾಗ. ಅಪ್ಪ ಫೋನ್‌ನಲ್ಲಿ ಮಾತಾಡುತ್ತಿದ್ದರು: ‘ನಿನ್ನಿ ಎರಡ್ ಲೋಡ್ ಕಾರ್ಖಾನಿಗಿ ಹೋದು. ಇವತ್ತಿಂದು ಲೋಡ್ ಮಾಡಾಕತ್ತಾರ. ಮುಂದ ಲೋಡ್ ಗಾಡಿ ಅದಾವು, ಸಾವಕಾಶ ಬಾ.’

ಒಂದೇ ಉಸಿರಿನಲ್ಲಿ ಮೂರು ಲೋಡ್! ಮೊದಲನೆಯದು ನಾಮಪದ, ಎರಡನೆಯದು ಕ್ರಿಯೆ, ಮೂರನೆಯದು ಗಾಡಿಯ ವಿಶೇಷಣ. ಇಂಗ್ಲಿಷ್ ಬರಲ್ಲ ಎನ್ನುವ ಅಪ್ಪನಿಗೆ ಆ ಪದದ ಮೂರೂ ಕೆಲಸ ಗೊತ್ತು. ಯಾಕೆಂದರೆ ಅವರು ಅದನ್ನು ಕಲಿತದ್ದು ನೋಟ್‌ಬುಕ್ಕಿನಲ್ಲಿ ಅಲ್ಲ, ಮಾತಿನೊಳಗೆ.

ನಮ್ಮ ಗಡಿಯಲ್ಲಿ ಭಾಷೆ ಕಲಿಯುವುದೇ ಹಾಗೆ. ನಾವು ‘ಫೋನ್ ಮಾಡು’ ಅಂದರೆ ಪಕ್ಕದ ಮನೆಯವರು ಮರಾಠಿಯಲ್ಲಿ ‘ಫೋನ್ ಕರ್’ ಅನ್ನುತ್ತಾರೆ. ‘ಚೆಕ್ ಮಾಡು’ ಅಲ್ಲಿ ‘ಚೆಕ್ ಕರ್’. ಕಾಗವಾಡ ದಾಟಿ ಮೀರಜ್ ಕಡೆ ಹೋದರೆ ಸಾಂಗಲಿ ಹತ್ತಿರ ಕುಪವಾಡ ಸಿಗುತ್ತದೆ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಭಾಷಾವಿಜ್ಞಾನದಲ್ಲಿ ಇವತ್ತಿಗೂ ಉದಾಹರಿಸುತ್ತಾರೆ. ತಲೆಮಾರುಗಳ ಒಡನಾಟದಿಂದ ಅಲ್ಲಿನ ಭಾಷೆಗಳ ವಾಕ್ಯದ ಚೌಕಟ್ಟು ಬಹುತೇಕ ಒಂದೇ ಆಗಿತ್ತು. ಅದರೊಳಗಿನ ಪದಗಳಷ್ಟೇ ಬೇರೆ. ವ್ಯಾಕರಣದ ಪುಸ್ತಕ ಹಿಡಿಯದೆ ಎರಡು ಮೂರು ಭಾಷೆ ನಿಭಾಯಿಸುವ ಸೀಮೆಯವರು ನಾವು. ಇಂಗ್ಲಿಷ್‌ನಲ್ಲಿ ಸೋತದ್ದು ಬುದ್ಧಿಯಲ್ಲ, ಆ ನಡುಗೆರೆಯ ನೋಟ್‌ಬುಕ್.

ನಾನು ನೋಡುವ ಗುರುತುಗಳು

ಈಗ ಹೊಸ ಪದ ಸಿಕ್ಕರೆ ಮೊದಲು ಅದರ ಅಕ್ಕಪಕ್ಕ ನೋಡುತ್ತೇನೆ.

• ಹಿಂದೆ ‘ಎ’, ‘ದಿ’, ‘ಮೈ’ ಇದ್ದು, ಪದ ಅಲ್ಲಿಗೇ ನಿಂತರೆ ಸಾಮಾನ್ಯವಾಗಿ ನಾಮಪದ.

• ಹಿಂದೆ ‘ಕ್ಯಾನ್’, ‘ವಿಲ್’, ‘ಪ್ಲೀಸ್’ ಇದ್ದರೆ ಕ್ರಿಯಾಪದ ಇರಬಹುದು.

• ವಾಕ್ಯದ ಶುರುವಿಗೇ ಬಂದು, ಮುಂದೆ ‘ದಿಸ್’ ಅಥವಾ ‘ದಿ’ ಇದ್ದರೆ ಹೆಚ್ಚಾಗಿ ಆಜ್ಞೆ. ‘ಅಡ್ರೆಸ್ ದಿಸ್’ನಲ್ಲಿ ಗುರುತು ಕಣ್ಣೆದುರೇ ಇತ್ತು, ನೋಡಲು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

• ಕೇಳುವಾಗ ಒತ್ತು ಗಮನಿಸಿ. ‘ರೆಕಾರ್ಡ್’, ‘ಆಬ್ಜೆಕ್ಟ್’ ನಾಮಪದವಾದರೆ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ.

ಪದಕ್ಕೆ ಅರ್ಥ ಬರೆದುಕೊಳ್ಳುವ ಬದಲು ವಾಕ್ಯ ಬರೆದುಕೊಳ್ಳಿ. ಎರಡು ಕೆಲಸವಿದ್ದರೆ ಎರಡು ವಾಕ್ಯ.

ರಾಯಬಾಗದಲ್ಲಿ ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಹೋದ ವಾರ ಫೋನ್ ಮಾಡಿದ್ದಳು.

‘ಮಾಮಾ, ಬ್ಯಾಕ್ ಅಂದ್ರ ಬೆನ್ನು, ಹಿಂದ ಅಂತ ಬರ್ಕೊಂಡೇನಿ. ಇಲ್ಲಿ ಬ್ಯಾಕ್ ಮಿ ಅಂತ ಐತಿ. ಏನಿದು?’

‘ಮುಂದ ಮಿ ಐತಿ ನೋಡು. ಅಂದ್ರ ಬ್ಯಾಕ್ ಏನೋ ಕೆಲಸ ಮಾಡಾಕತ್ತೈತಿ.’

ಸ್ವಲ್ಪ ಹೊತ್ತು ಯೋಚಿಸಿ ಅವಳೇ ಹೇಳಿದಳು: ‘ನನ್ನ ಬೆನ್ನಿಗಿ ನಿಲ್ಲು?’

‘ಹೂಂ ಅವ್ವಾ, ಅದೇ’ ಅಂದೆ.